ಐದು ಊರು, ನಾಲ್ಕು ಅಕ್ಷರ: ಒಂದು ವ್ಯಾಖ್ಯಾನ

ಹೀಬ್ರೂ ವರ್ಣಮಾಲೆಯಲ್ಲಿರುವುದು 22 ಅಕ್ಷರ. ಎಲ್ಲವೂ ವ್ಯಂಜನಗಳೇ. ನಮ್ಮ ಅ ಆ ಇ ಈ ಸಾಲು ಅಲ್ಲಿಲ್ಲ. ತಲೆಕಟ್ಟು, ಗುಡಿಸು, ಕೊಂಬು, ಏತ್ವ ಯಾವುದೂ ಇಲ್ಲ. ಕಾಗುಣಿತ ಬಾಯಿಪಾಠ ಮಾಡಿ ಓದು ಕಲಿತ ನಮಗೆ, ಸ್ವರವೇ ಇಲ್ಲದ ಬರಹವನ್ನು ಓದುವುದು ಹೇಗೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅದರ ಉತ್ತರದ ಅರ್ಧ ಭಾಗ ಆ 22ರೊಳಗೇ ಇರುವ ನಾಲ್ಕು ಅಕ್ಷರಗಳಲ್ಲಿದೆ. ಅಲೆಫ್, ಹೇ, ವಾವ್, ಯೋದ್ ಎಂಬ ಈ ನಾಲ್ಕು ಒಂದು ಕಡೆ ವ್ಯಂಜನವಾಗಿ ನಿಲ್ಲುತ್ತವೆ, ಇನ್ನೊಂದು ಕಡೆ ಸ್ವರವಾಗಿ ನಿಲ್ಲುತ್ತವೆ. ಹೀಬ್ರೂ ವ್ಯಾಕರಣದಲ್ಲಿ ಇವಕ್ಕೆ ಓದಿನ ತಾಯಂದಿರು ಎಂದು ಹೆಸರು. ಉತ್ತರದ ಉಳಿದರ್ಧ ಓದುವವನ ತಲೆಯಲ್ಲಿದೆ.

ಈ ವಿಷಯವನ್ನು ಜೆರುಸಲೇಮಿನಿಂದ ಶುರು ಮಾಡಿದರೆ ಅದು ನಮಗೆ ದೂರದ್ದಾಗಿಯೇ ಉಳಿಯುತ್ತದೆ. ಆದ್ದರಿಂದ ನಮ್ಮ ಕಡೆಯ ಐದು ಊರುಗಳ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು, ಅದನ್ನೇ ಮೂಲಪಾಠ ಮಾಡಿಕೊಂಡು ಸಾಲು ಸಾಲಾಗಿ ವಿವರಿಸಲು ಹೊರಟಿದ್ದೇನೆ. ಸೂತ್ರ, ಅದಕ್ಕೊಂದು ವೃತ್ತಿ, ಆಮೇಲೆ ಪ್ರಯೋಗ ಎಂಬ ಕ್ರಮವನ್ನು 13ನೆಯ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹಾಕಿಕೊಟ್ಟಿದ್ದಾನೆ. ಅಕ್ಷರದ ಮಾತಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೂಲ ಇದು. ಹೀಬ್ರೂ ಬಲದಿಂದ ಎಡಕ್ಕೆ ಸಾಗುವ ಲಿಪಿ. ಇಲ್ಲಿ ಅಕ್ಷರಗಳ ಹೆಸರನ್ನು ಅವರು ಬರೆಯುವ ಅನುಕ್ರಮದಲ್ಲೇ ಕೊಟ್ಟಿದ್ದೇನೆ.

ನ್ಯಾಮತಿ: ನೂನ್, ಯೋದ್, ಅಲೆಫ್, ಮೇಮ್, ತೇತ್, ಯೋದ್
ಹೊನ್ನಾಳಿ: ಹೇ, ವಾವ್, ನೂನ್, ಅಲೆಫ್, ಲಾಮೆದ್, ಯೋದ್
ಚನ್ನಗಿರಿ: ತ್ಸಾದಿ, ನೂನ್, ಗಿಮೆಲ್, ಯೋದ್, ರೇಶ್, ಯೋದ್
ಜಗಳೂರು: ಗಿಮೆಲ್, ಗಿಮೆಲ್, ಲಾಮೆದ್, ವಾವ್, ರೇಶ್, ವಾವ್
ದಾವಣಗೆರೆ: ದಾಲೆತ್, ಅಲೆಫ್, ವಾವ್, ವಾವ್, ನೂನ್, ಗಿಮೆಲ್, ರೇಶ್, ಹೇ

ಮೊದಲ ಸಾಲು: ನ್ಯಾಮತಿ

ಇಡೀ ವಿಷಯ ಈ ಒಂದು ಹೆಸರಿನಲ್ಲೇ ಇದೆ. ಯೋದ್ ಎರಡು ಸಲ ಬಂದಿರುವುದನ್ನು ಗಮನಿಸಿ. ಎರಡನೆಯ ಅಕ್ಷರವಾಗಿ ಬಂದ ಯೋದ್ ‘ನ್ಯಾ’ದೊಳಗಿನ ಯಕಾರ. ಕೊನೆಯ ಅಕ್ಷರವಾಗಿ ಬಂದದ್ದು ‘ತಿ’ಯೊಳಗಿನ ಇಕಾರ. ಬರೆಯುವ ಗೆರೆಯಲ್ಲಿ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಾಗಿದ್ದರೂ ಹೀಬ್ರೂ ಬಲ್ಲವನು ತಡವರಿಸುವುದಿಲ್ಲ, ಏಕೆಂದರೆ ಅವನು ಯೋದಿನ ಅಕ್ಕಪಕ್ಕ ನೋಡುತ್ತಾನೆ. ಪದದ ಮೊದಲಿಗೆ ಬಂದ ಯೋದ್ ಯಾವಾಗಲೂ ವ್ಯಂಜನ. ಅದರ ಮುಂದೆ ಸ್ವರವೊಂದು ನಿಂತಿದ್ದರೆ ಆಗಲೂ ವ್ಯಂಜನವಾಗುವ ಸಂಭವವೇ ಹೆಚ್ಚು. ಹಿಂದೆ ವ್ಯಂಜನವಿದ್ದು ಮುಂದೆ ಏನೂ ಇಲ್ಲದಿದ್ದರೆ, ಅಥವಾ ಮುಂದೆ ಇನ್ನೊಂದು ವ್ಯಂಜನವಿದ್ದರೆ, ಅದು ಸಾಮಾನ್ಯವಾಗಿ ಈಕಾರ ಇಲ್ಲವೇ ಏಕಾರ.

ಆದರೂ ಒಂದು ತೊಡಕು ಉಳಿಯುತ್ತದೆ. ನಮ್ಮ ಊರನ್ನು ಕೇಳರಿಯದ ಟೆಲ್ ಅವೀವಿನ ಓದುಗ ಈ ಆರು ಅಕ್ಷರಗಳನ್ನು ‘ನಿಯಾಮತಿ’ ಎಂದು ಓದುವುದೇ ಹೆಚ್ಚು. ಮೊದಲ ಯೋದನ್ನು ಅವನು ಇಕಾರವೆಂದು ಹಿಡಿದು, ಮುಂದಿನ ಆಕಾರಕ್ಕೆ ಹೋಗುವಾಗ ನಡುವೆ ತಾನಾಗಿ ಹುಟ್ಟುವ ಯಕಾರವನ್ನೂ ಉಚ್ಚರಿಸುತ್ತಾನೆ. ಇದನ್ನು ತಪ್ಪೆಂದು ತಳ್ಳಿಹಾಕುವ ಮೊದಲು ‘ನಿ’ ಎಂದು ಹೇಳಿ, ಬಾಯಿ ಮುಚ್ಚದೆ ‘ಆ’ ಎಂದು ಹೇಳಿ. ನಿಧಾನವಾಗಿ ಹೇಳಿದರೆ ‘ನಿಯಾ’. ಬೇಗ ಹೇಳಿದರೆ ‘ನ್ಯಾ’. ನಾಲಿಗೆ ಎರಡು ಸಲವೂ ಒಂದೇ ಕಡೆ, ಅಂಗುಳಿನ ಹತ್ತಿರಕ್ಕೇ ಏರುತ್ತದೆ. ಅಲ್ಲಿ ತುಸು ನಿಂತರೆ ಅದು ಇಕಾರ, ನಿಲ್ಲದೆ ಜಾರಿದರೆ ಯಕಾರ. ಒಂದೇ ಧ್ವನಿ ನಿಂತಾಗ ಸ್ವರ, ನಡೆದಾಗ ವ್ಯಂಜನ. ಹೀಬ್ರೂ ಬರಹಗಾರರು ಎರಡಕ್ಕೂ ಒಂದೇ ಅಕ್ಷರ ಇಟ್ಟದ್ದು ಅಕ್ಷರದ ಬಡತನದಿಂದ ಎಂದು ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬಾಯಲ್ಲಿ ನಡೆಯುವುದನ್ನು ಅವರು ಸರಿಯಾಗಿಯೇ ಗುರುತಿಸಿದ್ದರು.

ನಮ್ಮ ಶಾಲೆಯ ಯಣ್ ಸಂಧಿ ಇದನ್ನೇ ಹೇಳುತ್ತದೆ. ಅತಿ, ಅಂತ ಸೇರಿ ಅತ್ಯಂತ. ನಿ, ಆಯ ಸೇರಿ ನ್ಯಾಯ. ಉಪ, ನಿ, ಆಸ ಸೇರಿ ಉಪನ್ಯಾಸ. ಇಕಾರದ ಮುಂದೆ ಬೇರೆ ಸ್ವರ ಬಂದರೆ ಇಕಾರ ಯಕಾರವಾಗುತ್ತದೆ, ಉಕಾರ ವಕಾರವಾಗುತ್ತದೆ ಎಂದು ಎಂಟನೆಯ ತರಗತಿಯ ಹುಡುಗ ಅಂಕಕ್ಕಾಗಿ ಕಲಿಯುತ್ತಾನೆ. ಇದರ ತಿರುಗುದಾರಿಗೆ ಸಂಸ್ಕೃತ ವ್ಯಾಕರಣ ಸಂಪ್ರಸಾರಣ ಎಂಬ ಹೆಸರಿಟ್ಟಿದೆ: ಅಲ್ಲಿ ಯಕಾರ ಇಕಾರವಾಗುತ್ತದೆ, ವಕಾರ ಉಕಾರವಾಗುತ್ತದೆ. ಯಜ್ ಧಾತುವಿನಿಂದ ಯಜ್ಞವೂ ಬಂತು, ಇಷ್ಟಿಯೂ ಬಂತು. ವಚ್ ಧಾತುವಿನಿಂದ ವಚನವೂ ಬಂತು, ಉಕ್ತಿಯೂ ಬಂತು. ಯ ರ ಲ ವಗಳನ್ನು ಹಳಬರು ಅಂತಸ್ಥ ಎಂದು ಕರೆದು, ಸ್ವರಕ್ಕೂ ಸ್ಪರ್ಶವ್ಯಂಜನಕ್ಕೂ ನಡುವೆ ಕೂರಿಸಿದ್ದು ಇದೇ ತಿಳಿವಳಿಕೆಯಿಂದ. ನಮ್ಮವರು ಈ ತಿಳಿವಳಿಕೆಯನ್ನು ವ್ಯಾಕರಣದಲ್ಲಿಟ್ಟರು, ಹೀಬ್ರೂ ಜನ ಲಿಪಿಯಲ್ಲಿಟ್ಟರು.

ಅಚ್ಚಗನ್ನಡದಲ್ಲೂ ಈ ಓಡಾಟ ದಿನವಿಡೀ ನಡೆದಿದೆ. ಮನೆ, ಅಲ್ಲಿ ಸೇರಿದಾಗ ಮನೆಯಲ್ಲಿ ಎನ್ನುತ್ತೇವೆ. ಹಳಗನ್ನಡದ ಆರ್, ಆವ ಎಂಬವು ಇಂದು ಯಾರು, ಯಾವ. ಎಲ್ಲಿ ಎಂದು ಬರೆದು ಯೆಲ್ಲಿ ಎಂದು ಓದುವವರು, ಒಂದು ಎಂದು ಬರೆದು ವೊಂದು ಎಂದು ಎಣಿಸುವವರು ನಮ್ಮಲ್ಲಿ ಬೇಕಾದಷ್ಟು ಜನ. ಹಿಂದಿನ ಲಿಪಿಕಾರರು ಕೇಳಿದಂತೆಯೇ ಬರೆಯುತ್ತಿದ್ದರು. ವಿಜಯನಗರದ ಕಾಲದ ಮತ್ತು ಅದರ ಈಚಿನ ಕನ್ನಡ ಶಾಸನಗಳಲ್ಲಿ, ಕಡತಗಳಲ್ಲಿ ‘ಈ’ ಎಂಬಲ್ಲಿ ‘ಯೀ’, ‘ಉಳ್ಳ’ ಎಂಬಲ್ಲಿ ‘ವುಳ್ಳ’, ‘ಎರಡು’ ಎಂಬಲ್ಲಿ ‘ಯೆರಡು’ ಧಾರಾಳವಾಗಿ ಸಿಗುತ್ತವೆ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟವಾಗಿ ಪ್ರಕಟಿಸಿದರು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ನಮ್ಮ ಬೆಳಗುತ್ತಿಯ ಸಿಂದ ಅರಸರ ಶಾಸನಗಳೂ ಅದರಲ್ಲಿವೆ. ಶಾಸನಗಳಲ್ಲಿ ‘ಯೀ’ ಎಂಬುದನ್ನು ಕಂಡಾಗ ಕೆತ್ತಿದವನಿಗೆ ಅಕ್ಷರ ಬರುತ್ತಿರಲಿಲ್ಲ ಎಂದುಕೊಳ್ಳಬಾರದು. ಅವನ ಕಿವಿ ಚುರುಕಾಗಿತ್ತು.

ಈಗ ಹೀಬ್ರೂವಿನ ಸ್ವಂತ ಪದವೊಂದಕ್ಕೆ ಬರೋಣ. ಯೋಮ್ ಎಂದರೆ ದಿನ. ಇಂದಿನ ಬರಹದಲ್ಲಿ ಅದು ಯೋದ್, ವಾವ್, ಮೇಮ್. ಯೋದ್ ವ್ಯಂಜನ, ವಾವ್ ಓಕಾರ. ಯಾಮ್ ಎಂದರೆ ಕಡಲು. ಅದು ಯೋದ್, ಮೇಮ್ ಅಷ್ಟೇ. ನಡುವಿನ ಒಂದು ವಾವ್ ದಿನವನ್ನು ಕಡಲಿನಿಂದ ಬೇರೆ ಮಾಡುತ್ತದೆ. ಆದರೆ ಮೊದಲು ಹೀಗಿರಲಿಲ್ಲ. ಜೆರುಸಲೇಮಿನಲ್ಲಿ ಬಂಡೆ ಕೊರೆದು ಮಾಡಿದ ನೀರಿನ ಸುರಂಗವೊಂದಿದೆ, ಉದ್ದ 533 ಮೀಟರ್. ಅದರೊಳಗೆ ಗೋಡೆಯ ಮೇಲೆ ಕೆತ್ತಿದ ಆರು ಸಾಲಿನ ಬರಹ 1880ರಲ್ಲಿ ಸಿಕ್ಕಿತು. ಸಿಲೋವಾಮ್ ಶಾಸನ ಎಂದು ಅದಕ್ಕೆ ಹೆಸರು, ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಎರಡು ತುದಿಗಳಿಂದ ಕೊರೆಯುತ್ತ ಬಂದ ಕೆಲಸಗಾರರು ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿ, ನಡುವೆ ಸಂಧಿಸಿದ ದಿನವನ್ನು ಅದು ವರ್ಣಿಸುತ್ತದೆ. ಕ್ರಿಸ್ತಪೂರ್ವ 700ರ ಆಸುಪಾಸಿನ ಆ ಶಾಸನದಲ್ಲಿ ‘ದಿನ’ ಎಂಬ ಪದಕ್ಕೆ ವಾವ್ ಇಲ್ಲ. ಬರೀ ಯೋದ್, ಮೇಮ್. ಕಣ್ಣಿಗೆ ಕಾಣುವುದು ‘ಕಡಲು’ ಎಂಬ ಪದವೇ. ಕೆತ್ತಿದವನಿಗಾಗಲಿ ಓದಿದವನಿಗಾಗಲಿ ಅದರಿಂದ ಗೊಂದಲವಾಗಿರಲಾರದು. ಬಂಡೆ ಒಡೆದು ಇಬ್ಬದಿಯವರು ಕೂಡಿದ ಮಾತಿನ ನಡುವೆ ಕಡಲಿಗೇನು ಕೆಲಸ? ಉತ್ತರದ ಇನ್ನರ್ಧ ಓದುವವನ ತಲೆಯಲ್ಲಿದೆ ಎಂದದ್ದು ಈ ಅರ್ಥದಲ್ಲಿ.

ಎರಡನೆಯ ಸಾಲು: ಹೊನ್ನಾಳಿ

ಇಲ್ಲಿ ವಾವ್ ಒಕಾರ. ಅದೇ ವಾವ್ ಉಕಾರವೂ ಆಗಬಲ್ಲದು, ಆದ್ದರಿಂದ ಊರು ಗೊತ್ತಿಲ್ಲದವನು ಹುನಾಲಿ ಎಂದು ಓದಿದರೆ ಅವನನ್ನು ದೂರುವಂತಿಲ್ಲ. ‘ನ್ನ’ ಒತ್ತಕ್ಷರ ಕಾಣುವುದಿಲ್ಲ, ಏಕೆಂದರೆ ಹೀಬ್ರೂ ಬರಹದಲ್ಲಿ ದ್ವಿತ್ವಕ್ಕೆ ಅಕ್ಷರವನ್ನು ಎರಡು ಸಲ ಬರೆಯುವುದಿಲ್ಲ. ಚುಕ್ಕಿ ಹಾಕಿದ ಬರಹದಲ್ಲಿ ಅಕ್ಷರದ ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟು ಅದನ್ನು ತೋರಿಸುತ್ತಾರೆ. ನಮ್ಮ ಳಕಾರ ಅವರಲ್ಲಿ ಇಲ್ಲ, ಲಕಾರವೇ ಗತಿ.

ವಾವ್ ಸ್ವರವಾದದ್ದು ಹೇಗೆ ಎಂಬುದಕ್ಕೆ ಇತಿಹಾಸವಿದೆ. ಇಂದು ಅದರ ವ್ಯಂಜನರೂಪ ಹಲ್ಲು ತುಟಿ ತಾಗಿಸಿ ಹೇಳುವ ವಕಾರ. ಹಿಂದೆ ಅದು ಎರಡೂ ತುಟಿ ದುಂಡಾಗಿಸಿ ಹೇಳುವ ವಕಾರವಾಗಿತ್ತು, ಉಕಾರಕ್ಕೆ ಒರಗಿಕೊಂಡೇ ಇತ್ತು. ಹೊರಬರುವ ಜಾಗ, ಚಿಲುಮೆ ಎಂಬ ಅರ್ಥದ ಪದವನ್ನು ಇಂದು ಮೋತ್ಸಾ ಎನ್ನುತ್ತಾರೆ. ಮೊದಲು ಅದರ ಮೊದಲ ಉಚ್ಚಾರಾಂಶ ‘ಮವ್’ ಎಂದಿತ್ತು, ಆದ್ದರಿಂದ ಅಲ್ಲಿ ವಾವ್ ಬರೆದರು. ಸಿಲೋವಾಮ್ ಶಾಸನದಲ್ಲಿ ಈ ಪದಕ್ಕೆ ವಾವ್ ಇದೆ, ‘ದಿನ’ಕ್ಕೆ ಇಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಬರಬರುತ್ತ ‘ಮವ್’ ಎಂಬುದು ‘ಮೋ’ ಆಯಿತು. ಅಕ್ಷರ ಅಲ್ಲೇ ಉಳಿಯಿತು. ಮುಂದಿನವರು ನೋಡಿದರು: ವಾವ್ ಇದೆ, ಓಕಾರ ಕೇಳುತ್ತದೆ. ಹಾಗಾದರೆ ವಾವ್ ಎಂದರೆ ಓ. ಹೀಗೆ ಅರ್ಥ ಮಾಡಿಕೊಂಡು, ಮೊದಲಿನಿಂದಲೂ ಓಕಾರವೇ ಇದ್ದ ಪದಗಳಿಗೂ ವಾವ್ ಸೇರಿಸಲು ಶುರು ಮಾಡಿದರು. ಯೋದಿನದೂ ಇದೇ ಕಥೆ: ‘ಅಯ್’ ಎಂಬುದು ‘ಏ’ ಆಯಿತು, ಯೋದ್ ಹಾಗೇ ಉಳಿಯಿತು.

ನಮ್ಮ ಐ, ಔ ಈ ಸಂಧಿಸ್ಥಾನದಲ್ಲೇ ನಿಂತಿವೆ. ಹಳಗನ್ನಡದ ಮೆಯ್, ಕೆಯ್ ಈಗ ಮೈ, ಕೈ. ಬೈದ ಎಂದೂ ಬರೆಯುತ್ತೇವೆ, ಬಯ್ದ ಎಂದೂ ಬರೆಯುತ್ತೇವೆ; ಉಚ್ಚಾರದಲ್ಲಿ ಭೇದವಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಐ, ಔ ಎಂಬ ಅಕ್ಷರಗಳೇ ಕನ್ನಡಕ್ಕೆ ಬೇಡ, ಅಯ್, ಅವ್ ಎಂದು ಬರೆದರೆ ಸಾಕು ಎಂದು ವಾದಿಸಿ ತಮ್ಮ ಪುಸ್ತಕಗಳನ್ನು ಹಾಗೆಯೇ ಬರೆದರು. ಆ ಬರಹ ಕಣ್ಣಿಗೆ ಒಗ್ಗದವರು ಬಹಳ. ಆದರೆ ಐ ಎಂಬ ಸ್ವರದ ಬಾಲದಲ್ಲಿ ಯ್ ಎಂಬ ವ್ಯಂಜನ ಕೂತಿದೆ ಎಂಬ ಅವರ ಮಾತನ್ನು ಅಲ್ಲಗಳೆಯುವುದು ಕಷ್ಟ.

ಹೊನ್ನಾಳಿಯ ಮೊದಲಿಗೆ ಬಂದ ಹೇ ನಿಜವಾದ ಹಕಾರ. ಪದದ ಕೊನೆಗೆ ಬಂದರೆ ಇದರ ಸ್ವಭಾವ ಬದಲಾಗುತ್ತದೆ. ಹಕಾರ ಬರೀ ಉಸಿರು, ವ್ಯಂಜನಗಳಲ್ಲೆಲ್ಲ ಬಲಹೀನ. ಹಳೇ ಮೈಸೂರಿನ ಹಳ್ಳಿಮಾತಿನಲ್ಲಿ ಹಾಲು ಆಲಾಗುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಬ್ರೂವಿನಲ್ಲಿ ಪದದ ತುದಿಯ ಹಕಾರ ಸವೆದು, ಅದರ ಹಿಂದಿನ ಸ್ವರವಷ್ಟೇ ಉಳಿಯಿತು. ಹೀಗಾಗಿ ಕೊನೆಯ ಹೇ ಎಂದರೆ ಆಕಾರ, ಕೆಲವೆಡೆ ಏಕಾರ, ಬಹಳ ಹಳೆಯ ಬರಹದಲ್ಲಿ ಓಕಾರ ಕೂಡ. ಎಲ್ಲೋ ಒಂದೆಡೆ ಕೊನೆಯ ಹಕಾರವನ್ನು ನಿಜವಾಗಿಯೂ ಉಚ್ಚರಿಸಬೇಕಾದರೆ ಒಳಗೊಂದು ಚುಕ್ಕಿ ಇಟ್ಟು ಎಚ್ಚರಿಸುತ್ತಾರೆ.

ಪಾರಿವಾಳಕ್ಕೆ ಹೀಬ್ರೂವಿನಲ್ಲಿ ಯೋನಾ. ಕನ್ನಡ ಬೈಬಲ್ಲಿನ ಯೋನ ಎಂಬ ಪ್ರವಾದಿಯ ಹೆಸರೂ ಇದೇ. ಯೋದ್, ವಾವ್, ನೂನ್, ಹೇ ಎಂದು ನಾಲ್ಕು ಅಕ್ಷರ. ಯೋದ್ ಇಲ್ಲಿ ವ್ಯಂಜನ, ವಾವ್ ಓಕಾರ, ಹೇ ಆಕಾರ. ಯಾವಾಗಲೂ ವ್ಯಂಜನವಾಗಿಯೇ ಇರುವ ಅಕ್ಷರ ನೂನ್ ಒಂದೇ. ನಾಲ್ಕು ತಾಯಂದಿರಲ್ಲಿ ಮೂವರನ್ನು ಒಟ್ಟಿಗೆ ನೋಡಬೇಕೆಂದರೆ ಈ ಪದ ಸಾಕು.

ಮೂರನೆಯ ಸಾಲು: ಚನ್ನಗಿರಿ

ತ್ಸಾದಿಯ ಪಕ್ಕದಲ್ಲಿ ಒಂದು ಸಣ್ಣ ಗೀಟು ಎಳೆದು ಚಕಾರ ಮಾಡಿಕೊಳ್ಳುತ್ತಾರೆ. ಎರಡು ಯೋದ್ ಬಂದಿವೆ, ಎರಡೂ ಇಕಾರ. ಚ, ನ್ನ, ಇವುಗಳ ಅಕಾರಕ್ಕೆ ಯಾವ ಗುರುತೂ ಇಲ್ಲ. ಹ್ರಸ್ವ ಅಕಾರವನ್ನು ಓದುಗನೇ ತುಂಬಿಕೊಳ್ಳಬೇಕು. ಹೀಬ್ರೂವಿನ ಮಟ್ಟಿಗೆ ಈ ಸಾಲಿನಲ್ಲಿ ಇಷ್ಟೇ.

ಆದರೆ ಚನ್ನಗಿರಿಯ ಮಾತು ಬಂದಾಗ ಉರ್ದುವನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಮನೆಯಲ್ಲಿ ಉರ್ದು ಓದುವ ಜನ ಈ ಊರಿನಲ್ಲೂ ಹೊನ್ನಾಳಿಯಲ್ಲೂ ತಲೆಮಾರುಗಳಿಂದ ಇದ್ದಾರೆ. ನಾವು ಹೀಬ್ರೂವಿನಲ್ಲಿ ಹುಡುಕುತ್ತಿರುವುದನ್ನು ಅವರ ಮಕ್ಕಳು ದಿನಾ ಬರೆಯುತ್ತಾರೆ. ಉರ್ದುವಿನ ಅಲಿಫ್, ವಾವ್, ಯೇ, ಹೇಗಳು ಹೀಬ್ರೂವಿನ ಅಲೆಫ್, ವಾವ್, ಯೋದ್, ಹೇಗಳ ದಾಯಾದಿಗಳು. ಎರಡು ಲಿಪಿಗೂ ಅರಮಾಯಿಕ್ ಎಂಬ ಹಳೆಯ ಲಿಪಿಯೇ ಮೂಲ. ನ್ಯಾಮತಿಯನ್ನು ಉರ್ದುವಿನಲ್ಲಿ ಬರೆದರೆ ನೂನ್, ಯೇ, ಅಲಿಫ್, ಮೀಮ್, ತೇ, ಯೇ. ಮೊದಲ ಸಾಲಿನ ಪಕ್ಕದಲ್ಲಿಟ್ಟು ನೋಡಿ, ಅಕ್ಷರಕ್ಕೆ ಅಕ್ಷರ ಕೂಡುತ್ತದೆ.

ಕನ್ನಡಕ್ಕೆ ಬಂದು ನಮ್ಮವೇ ಆಗಿಹೋದ ಪದಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ದಿವಾನ: ದಾಲ್, ಯೇ, ವಾವ್, ಅಲಿಫ್, ನೂನ್. ಯೇ ಇಲ್ಲಿ ಸ್ವರ, ವಾವ್ ವ್ಯಂಜನ. ವಕೀಲ: ವಾವ್, ಕಾಫ್, ಯೇ, ಲಾಮ್. ಇಲ್ಲೂ ಹಾಗೆಯೇ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಲು ಹೋದವರು ಪಕ್ಕದ ಮುಸಾಫಿರಖಾನೆಯನ್ನೂ ನೋಡಿಯೇ ಇರುತ್ತಾರೆ. ಆ ಹೆಸರನ್ನು ಬರೆಯುವುದು ಮೀಮ್, ಸೀನ್, ಅಲಿಫ್, ಫೇ, ರೇ, ಖೇ, ಅಲಿಫ್, ನೂನ್, ಹೇ ಎಂದು. ‘ಮು’ವಿನ ಉಕಾರಕ್ಕೆ, ‘ಫಿ’ಯ ಇಕಾರಕ್ಕೆ ಅಕ್ಷರವಿಲ್ಲ, ಹ್ರಸ್ವಗಳು ಬಿಟ್ಟುಹೋಗಿವೆ. ದೀರ್ಘ ಆಕಾರ ಎರಡಕ್ಕೂ ಅಲಿಫ್ ಇದೆ. ಕೊನೆಯಲ್ಲಿರುವ ಹೇ ಹಕಾರವಾಗಿ ಕೇಳುವುದಿಲ್ಲ, ಅದು ಸ್ವರದ ಗುರುತು. ಆ ಸ್ವರವನ್ನೇ ಕನ್ನಡದ ಕಿವಿ ಎಕಾರವಾಗಿ ಹಿಡಿದು ‘ಖಾನೆ’ ಎಂದಿತು. ದವಾಖಾನೆ, ಕಾರ್ಖಾನೆಗಳ ತುದಿಯ ಎಕಾರವೂ ಹೀಗೆಯೇ ಬಂದದ್ದು. ಸರ್ಕಾರಿ ದವಾಖಾನೆಯ ಹೆಸರು ಹೇಳುವಾಗಲೆಲ್ಲ ನಾವು ಸ್ವರವಾಗಿ ಮಾರ್ಪಟ್ಟ ಹಕಾರವೊಂದನ್ನು ಉಚ್ಚರಿಸುತ್ತಿದ್ದೇವೆ.

ನಾಲ್ಕನೆಯ ಸಾಲು: ಜಗಳೂರು

ಗೀಟು ಹಾಕಿದ ಗಿಮೆಲ್ ಜಕಾರ, ಹಾಕದ್ದು ಗಕಾರ. ಎರಡು ವಾವ್‌ಗಳಲ್ಲಿ ಮೊದಲನೆಯದು ಊಕಾರ, ಕೊನೆಯದು ಉಕಾರ. ದೀರ್ಘಕ್ಕೂ ಹ್ರಸ್ವಕ್ಕೂ ಹೀಬ್ರೂ ಬರಹದಲ್ಲಿ ಇಲ್ಲಿ ಭೇದ ಕಾಣದು. ಕೊನೆಯ ಉಕಾರ ನಮ್ಮಲ್ಲೂ ಈಚೆಗೆ ಬಂದು ಸೇರಿದ್ದು: ಹಳಗನ್ನಡದಲ್ಲಿ ಊರ್, ಕಾಲ್, ಈಗ ಊರು, ಕಾಲು. ಊರು, ಅಲ್ಲಿ ಸೇರಿದರೆ ಊರಲ್ಲಿ ಎಂದು ಆ ಉಕಾರ ಬಿದ್ದೇಹೋಗುತ್ತದೆ. ಗುರು, ಅನ್ನು ಸೇರಿದರೆ ಗುರುವನ್ನು ಎಂದು ನಡುವೆ ವಕಾರ ಹುಟ್ಟುತ್ತದೆ. ಉಕಾರ ಗಟ್ಟಿಯಾಗಿದ್ದರೆ ವಕಾರವನ್ನು ಕರೆತರುತ್ತದೆ, ಇಲ್ಲದಿದ್ದರೆ ತಾನೇ ಜಾಗ ಬಿಡುತ್ತದೆ.

ಅರಮಾಯಿಕ್ ಲಿಪಿಯ ಮಾತು ಬಂದದ್ದರಿಂದ ಜಗಳೂರಿನ ಪೂರ್ವಕ್ಕಿರುವ ಮೊಳಕಾಲ್ಮೂರು ತಾಲ್ಲೂಕಿನವರೆಗೆ ಹೋಗಿಬರಬೇಕು. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ 3ನೆಯ ಶತಮಾನದವು. ರೈಸ್ ಅವನ್ನು 1892ರಲ್ಲಿ ಪತ್ತೆಹಚ್ಚಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಕೊನೆಯಲ್ಲಿ ಇದನ್ನು ಬರೆದವನು ಚಪಡ ಎಂಬ ಲಿಪಿಕಾರ ಎಂದು ಹೇಳುವಾಗ, ಲಿಪಿಕಾರ ಎಂಬ ಒಂದು ಪದವನ್ನು ಆತ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಸಾಗುವಂಥದ್ದು, ಅರಮಾಯಿಕ್ಕಿನಿಂದ ಹುಟ್ಟಿದ್ದು. ಹೀಬ್ರೂ ಅಕ್ಷರಗಳ ಬಂಧುಗಳು 2200 ವರ್ಷಗಳಿಗೂ ಹಿಂದೆಯೇ ನಮ್ಮ ಬಯಲುಸೀಮೆಯ ಬಂಡೆಯ ಮೇಲೆ ಬಂದು ಕೂತಿದ್ದವು ಎಂಬುದು ನನ್ನ ಪಾಲಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಹೆಮ್ಮೆಯ ಸಂಗತಿ.

ಖರೋಷ್ಠಿ ಮಾಡಿದ ಕೆಲಸವನ್ನೂ ಇಲ್ಲಿ ಹೇಳಬೇಕು. ಅರಮಾಯಿಕ್ ಬರಹದಲ್ಲಿ ಸ್ವರಕ್ಕೆ ತಾಯಿ ಅಕ್ಷರಗಳ ಆಸರೆಯಷ್ಟೇ ಇತ್ತು. ಭಾರತದ ಲಿಪಿಕಾರರಿಗೆ ಅದು ಸಾಲದೆ ಹೋಯಿತು. ಹ್ರಸ್ವ ಸ್ವರವನ್ನೂ ಓದುಗನ ಊಹೆಗೆ ಬಿಡಲು ಅವರು ಒಪ್ಪಲಿಲ್ಲ. ಪ್ರತಿ ವ್ಯಂಜನಕ್ಕೂ ಸಣ್ಣ ಗೆರೆ ಸೇರಿಸಿ ಇ, ಉ, ಎ, ಒಗಳನ್ನು ತೋರಿಸಿದರು. ಪದದ ಮೊದಲಿಗೆ ಬರುವ ಸ್ವರಗಳಿಗೆ ಅಲೆಫ್‌ನಿಂದ ಬಂದ ‘ಅ’ಕಾರವನ್ನೇ ಪೀಠ ಮಾಡಿ, ಅದಕ್ಕೂ ಅದೇ ಗೆರೆಗಳನ್ನು ಹಚ್ಚಿದರು. ಅಂದರೆ ಅರಮಾಯಿಕ್ಕಿಗೆ ಕಾಗುಣಿತ ಕಲಿಸಿದರು.

ಐದನೆಯ ಸಾಲು: ದಾವಣಗೆರೆ

1997ರಲ್ಲಿ ಜಿಲ್ಲೆಯಾದಾಗಿನಿಂದ ಮೇಲಿನ ನಾಲ್ಕೂ ಊರುಗಳು ಈ ಊರಿನ ಆಡಳಿತದಡಿ ಬಂದಿವೆ. ಮೂಲಪಾಠದಲ್ಲಿ ವ್ಯಂಜನವಾಗಿ ನಿಂತ ವಾವ್ ಸಿಗುವುದು ಇಲ್ಲಿ ಮಾತ್ರ. ಅದು ಎರಡು ಸಲ ಬಂದಿದೆ, ಆದರೆ ಓದುವುದು ಒಂದೇ ವಕಾರ. ಪದದ ನಡುವೆ ಬರುವ ವಾವ್ ಓಕಾರವೋ ಊಕಾರವೋ ವಕಾರವೋ ಎಂಬ ಅನುಮಾನ ಬಾರದಿರಲೆಂದು, ವಕಾರವಾದರೆ ಎರಡು ವಾವ್ ಬರೆಯಿರಿ ಎಂದು ಇಂದಿನ ಹೀಬ್ರೂ ನಿಯಮ ಹೇಳುತ್ತದೆ. ಇಂಥ ನಿಯಮಗಳನ್ನು ಗೊತ್ತುಮಾಡುವುದು 1953ರಲ್ಲಿ ಸ್ಥಾಪನೆಯಾದ ಹೀಬ್ರೂ ಭಾಷಾ ಅಕಾಡೆಮಿ. ಒಂದೇ ವಾವ್ ಇದ್ದಿದ್ದರೆ ‘ದಾವ’ ಎಂಬುದನ್ನು ‘ದಾಓ’ ಎಂದು ಓದುವವರೂ ಇರುತ್ತಿದ್ದರು.

ಅಲೆಫ್ ಮೊದಲಿಗೆ ಕಂಠದಲ್ಲಿ ಉಸಿರು ತಡೆದು ಬಿಡುವ ಒಂದು ವ್ಯಂಜನ. ಆ ತಡೆ ಹಲವೆಡೆ ಸವೆದುಹೋಗಿ ಅಕ್ಷರ ಮಾತ್ರ ಉಳಿದಿದೆ. ತಲೆ ಎಂಬ ಅರ್ಥದ ರೋಶ್ ಎಂಬ ಪದದ ನಡುವೆ ಇಂದಿಗೂ ಅಲೆಫ್ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಪರದೇಶದ ಹೆಸರುಗಳಲ್ಲಿ ಆಕಾರ ತೋರಿಸಲು ಇದೇ ಅಲೆಫ್ ಒದಗುತ್ತದೆ. ದಾವಣಗೆರೆಯಲ್ಲಿ, ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ ಅದಕ್ಕೆ ಇದೇ ಕೆಲಸ. ‘ಗೆರೆ’ಯ ತುದಿಯ ಎಕಾರಕ್ಕೆ ನಿಂತದ್ದು ಹೇ, ಖಾನೆಯಲ್ಲಿ ನಿಂತಂತೆ.

‘ದಾವ’ ಎಂದು ಶುರುವಾಗುವ ಹೆಸರು ಬಂದಾಗ ಹೀಬ್ರೂ ಬಲ್ಲವರಿಗೆ ನೆನಪಾಗುವುದು ರಾಜ ದಾವೀದ. ದಾಲೆತ್, ವಾವ್, ದಾಲೆತ್. ವಾವನ್ನು ವ್ಯಂಜನವೆಂದು ಹಿಡಿದರೆ ದಾವೀದ. ಸ್ವರವೆಂದು ಹಿಡಿದರೆ ದೋದ್: ತಂದೆಯ ಅಣ್ಣತಮ್ಮಂದಿರನ್ನು ಕರೆಯುವ ಪದ, ಪ್ರಿಯ ಎಂಬ ಅರ್ಥವೂ ಉಂಟು. ಮೂರೇ ಅಕ್ಷರ, ಒಂದು ಓದಿನಲ್ಲಿ ಅರಸ, ಇನ್ನೊಂದು ಓದಿನಲ್ಲಿ ದೊಡ್ಡಪ್ಪ. ಬೈಬಲ್ಲಿನ ಸಮುವೇಲನ ಗ್ರಂಥಗಳು ಅರಸನ ಹೆಸರನ್ನು ಈ ಮೂರು ಅಕ್ಷರಗಳಲ್ಲೇ ಬರೆಯುತ್ತವೆ. ಅವಕ್ಕಿಂತ ಈಚಿನದಾದ ಪೂರ್ವಕಾಲವೃತ್ತಾಂತದಲ್ಲಿ ನಡುವೆ ಯೋದ್ ಸೇರಿದೆ: ದಾಲೆತ್, ವಾವ್, ಯೋದ್, ದಾಲೆತ್. ಯೋದ್ ಬಂದೊಡನೆ ದೋದ್ ಎಂಬ ಓದು ನಿಂತುಹೋಗುತ್ತದೆ. ತಾಯಿ ಅಕ್ಷರಗಳು ಕಾಲ ಕಳೆದಂತೆ ಹೆಚ್ಚಿದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

1947ರಿಂದ ಈಚೆಗೆ ಮೃತಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಈ ಧಾರಾಳತನ ಇನ್ನೂ ಮುಂದೆ ಹೋಗಿದೆ. ‘ಇಲ್ಲ’ ಎಂಬ ಅರ್ಥದ ಲೋ ಎಂಬುದನ್ನು ಸಾಂಪ್ರದಾಯಿಕ ಪಾಠ ಲಾಮೆದ್, ಅಲೆಫ್ ಎಂದು ಬರೆದರೆ, ಸುರುಳಿಯವರು ನಡುವೆ ವಾವ್ ಸೇರಿಸುತ್ತಾರೆ. ‘ಏಕೆಂದರೆ’ ಎಂಬ ಅರ್ಥದ ಕಿ ಎಂಬುದಕ್ಕೆ ಯೋದ್ ಇದ್ದರೂ ಸಾಲದೆಂಬಂತೆ ಕೊನೆಗೆ ಅಲೆಫ್ ಒಂದನ್ನು ಇಡುತ್ತಾರೆ. ಆ ಹೊತ್ತಿಗೆ ಹೀಬ್ರೂ ಮನೆಮಾತಾಗಿ ಕುಗ್ಗುತ್ತಿತ್ತು, ಅರಮಾಯಿಕ್ ಹೆಚ್ಚುತ್ತಿತ್ತು. ಭಾಷೆ ಬಾಯಲ್ಲಿ ತುಂಬಿರುವಾಗ ಬರಹ ಕಡಿಮೆಯಾದರೂ ನಡೆಯುತ್ತದೆ. ಬಾಯಿಯ ಬಳಕೆ ತಗ್ಗಿದಂತೆ ಬರಹದ ಮೇಲೆ ಭಾರ ಬೀಳುತ್ತದೆ.

ಆ ಭಾರ ಹೊತ್ತವರು ತಿಬೇರಿಯ ಊರಿನ ಮಸೊರೆಟರು ಎಂಬ ಪಂಡಿತರು. 7ರಿಂದ 10ನೆಯ ಶತಮಾನದವರೆಗೆ ಬೈಬಲ್ಲಿನ ಪ್ರತಿ ಪದದ ಪ್ರತಿ ಸ್ವರಕ್ಕೂ ಅಕ್ಷರದ ಕೆಳಗೆ, ಮೇಲೆ, ಒಳಗೆ ಚುಕ್ಕಿ ಮತ್ತು ಗೀಟುಗಳ ಗುರುತು ಹಾಕಿದರು. ವಾವಿನ ನೆತ್ತಿಯ ಮೇಲೆ ಚುಕ್ಕಿ ಇಟ್ಟರೆ ಓ, ಮಗ್ಗುಲಲ್ಲಿ ಇಟ್ಟರೆ ಊ. ಪೂರ್ಣ ಹೀಬ್ರೂ ಬೈಬಲ್ಲಿನ ಅತ್ಯಂತ ಹಳೆಯ ಹಸ್ತಪ್ರತಿ 1008ರದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅದು ಹೀಗೆ ಚುಕ್ಕಿ ತುಂಬಿದ ಪ್ರತಿ. ಸ್ವರ ತೋರಿಸಲು ಪೂರ್ಣ ವ್ಯವಸ್ಥೆ ಸಿಕ್ಕಿದ ಮೇಲೂ ಮಸೊರೆಟರು ಹಳೆಯ ಅಕ್ಷರಗಳಲ್ಲಿ ಒಂದನ್ನೂ ತೆಗೆಯಲಿಲ್ಲ, ಒಂದನ್ನೂ ಸೇರಿಸಲಿಲ್ಲ. ವಾವ್ ಇರುವ ಕಡೆ ವಾವ್, ಇಲ್ಲದ ಕಡೆ ಇಲ್ಲ. ಚುಕ್ಕಿ ಮಾತ್ರ ತಮ್ಮದು. ಪಾಠ ಸಂಪಾದನೆ ಮಾಡುವವರೆಲ್ಲ ಅವರಿಗೆ ಕೈಮುಗಿಯಬೇಕು. ಇಂದು ಇಸ್ರೇಲಿನಲ್ಲಿ ಮಕ್ಕಳ ಪುಸ್ತಕ, ಪ್ರಾರ್ಥನೆಯ ಪುಸ್ತಕ, ಕವಿತೆಗಳು ಚುಕ್ಕಿಯೊಂದಿಗೆ ಬರುತ್ತವೆ. ಪತ್ರಿಕೆ, ಕಾದಂಬರಿ, ಅಂಗಡಿಯ ಬೋರ್ಡು ಎಲ್ಲ ಚುಕ್ಕಿಯಿಲ್ಲದೆ, ನಾಲ್ಕು ತಾಯಂದಿರನ್ನೇ ನಂಬಿ ನಡೆಯುತ್ತವೆ.

ಮೂಲಪಾಠ ಇಲ್ಲಿಗೆ ಮುಗಿಯಿತು. ನಮ್ಮ ತಾಲ್ಲೂಕುಗಳಲ್ಲಿ ಕನ್ನಡ ಕಲಿಸುವವರಲ್ಲಿ ಒಂದು ವಿನಂತಿ ಉಳಿದಿದೆ. ಯಣ್ ಸಂಧಿಯ ಪಾಠ ಬಂದಾಗ, ಉರ್ದು ಓದಲು ಬರುವ ಮಗು ತರಗತಿಯಲ್ಲಿದ್ದರೆ ಅದನ್ನು ಕರಿಹಲಗೆಯ ಬಳಿಗೆ ಕರೆಯಿರಿ. ದಿವಾನ ಎಂದು ಒಮ್ಮೆ, ನ್ಯಾಮತಿ ಎಂದು ಒಮ್ಮೆ ಉರ್ದುವಿನಲ್ಲಿ ಬರೆಸಿ. ಯೇ ಎಂಬ ಅಕ್ಷರ ಎಲ್ಲಿ ಇಕಾರ, ಎಲ್ಲಿ ಯಕಾರ ಎಂದು ಆ ಮಗುವಿನ ಬಾಯಿಂದಲೇ ಉಳಿದವರಿಗೆ ಹೇಳಿಸಿ. ಅದರ ಪಕ್ಕದಲ್ಲಿ ನೀವು ಅತಿ, ಅಂತ, ಅತ್ಯಂತ ಎಂದು ಬರೆಯಿರಿ. ಇಷ್ಟಕ್ಕೆ ಬೇಕಾಗುವುದು ಒಂದು ಪೀರಿಯಡ್ಡು ಮತ್ತು ಒಂದು ತುಂಡು ಸೀಮೆಸುಣ್ಣ. ಈ ವರ್ಷವೇ ಮಾಡಿ ನೋಡಿ.